ಜ್ಞಾನಪ್ಪ ಮೇಷ್ಟ್ರು ಕೇಳುವ ‘ಎಲ್ಲಿ?’

ಯಾರಾದರೂ ‘ಮರೆತೆ’ ಎಂದರೆ ಸಾಕು, ಜ್ಞಾನಪ್ಪ ಮೇಷ್ಟ್ರು ‘ಎಲ್ಲಿ?’ ಎಂದು ಕೇಳುತ್ತಾರೆ. ಏನನ್ನು ಎಂದಲ್ಲ, ಯಾವಾಗ ಎಂದಲ್ಲ. ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಕೆರೆಯಂಚಿನ ಕೊಕ್ಕರೆಯ ಹಾಗೆ ಅರೆಕ್ಷಣ ಅಲುಗದೆ ನಿಂತು, ಬಹಳ ಮೃದುವಾಗಿ ‘ಎಲ್ಲಿ?’ ಎನ್ನುತ್ತಾರೆ. ಆ ಮೃದುತನಕ್ಕೆ ಮೋಸಹೋಗಿ ಎದುರಿನವರು ‘ಬಸ್ಸಲ್ಲಿ’ ಎಂದೋ ‘ಮನೇಲಿ’ ಎಂದೋ ಜಾಗ ಹೇಳಿದರೆ ಮುಗಿಯಿತು. ‘ಹಾಗಾದರೆ ಅದು ಮರೆತದ್ದಲ್ಲ, ಬಿಟ್ಟದ್ದು. ಫರ್ಗಾಟ್ ಅಲ್ಲ, ಲೆಫ್ಟ್.’ ಹೇಳಿದವರು ಮಾತಾಡಿದ್ದು ಕನ್ನಡದಲ್ಲೇ ಆದರೂ ಮೇಷ್ಟ್ರ ಕಿವಿಗೆ ಅದು ಇಂಗ್ಲಿಷಾಗಿಯೇ ಬೀಳುತ್ತದೆ. ಅನುವಾದ ಮಾಡಿಕೊಳ್ಳುವವರೂ ಅವರೇ, ಅದರಲ್ಲಿ ತಪ್ಪು ಹಿಡಿಯುವವರೂ ಅವರೇ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮನುಷ್ಯ ತನ್ನ ಜೀವಮಾನದ ಶತ್ರುವಾಗಿ ಇದೊಂದು ತಪ್ಪನ್ನು ಏಕೆ ಆರಿಸಿಕೊಂಡರು ಎಂಬುದಕ್ಕೆ ಉತ್ತರವಿದೆ. ಬೇರೆ ತಪ್ಪುಗಳನ್ನು ಯಾರು ಬೇಕಾದರೂ ಮಾಡುತ್ತಾರೆ, ಇದು ನಮ್ಮದೇ ತಪ್ಪು ಎನ್ನುತ್ತಿದ್ದರು. ಕನ್ನಡದಲ್ಲಿ ಕೊಡೆಯನ್ನು ಧಾರಾಳವಾಗಿ ಬಸ್ಸಿನಲ್ಲಿ ಮರೆಯಬಹುದು. ಇಂಗ್ಲಿಷಿನಲ್ಲಿ ಕೊಡೆಯನ್ನು ಮರೆಯಬಹುದೇ ಹೊರತು ಬಸ್ಸಿನಲ್ಲಿ ಮರೆಯುವಂತಿಲ್ಲ. ಜಾಗದ ಮಾತು ಬಂದೊಡನೆ ಫರ್ಗೆಟ್ ಎದ್ದು ನಿಂತು ಲೀವ್‌ಗೆ ಕುರ್ಚಿ ಬಿಟ್ಟುಕೊಡಬೇಕು. ‘ಮರೆಯೋದು ತಲೆಯ ಕೆಲಸ, ಅದಕ್ಕೆ ವಿಳಾಸ ಇಲ್ಲ. ಬಿಡೋದು ಕೈಯ ಕೆಲಸ. ಕೈಯಿಂದ ಹೋದದ್ದು ಎಲ್ಲೋ ಒಂದು ಕಡೆ ಇರಲೇಬೇಕು’ ಎಂದು ಹಲಗೆಯ ಮೇಲೆ ಒಂದು ತಲೆಯನ್ನೂ ಒಂದು ಕೈಯನ್ನೂ ಬರೆಯುತ್ತಿದ್ದರು. ತಲೆ ಸೋರೆಕಾಯಿಯ ಹಾಗೂ ಕೈ ಬಾಚಣಿಗೆಯ ಹಾಗೂ ಕಾಣುತ್ತಿದ್ದವು. ಲೀವ್ ಎಂದರೆ ರಜೆಚೀಟಿ ಎಂದಷ್ಟೇ ತಿಳಿದಿದ್ದ ಹುಡುಗರು ಆ ಚಿತ್ರಗಳನ್ನು ನೋಡಿ ನಗುತ್ತಿದ್ದರು. ಆದರೆ ನಕ್ಕವರಲ್ಲಿ ಒಬ್ಬರೂ ಮುಂದೆ ಆ ತಪ್ಪು ಮಾಡಿದ್ದು ಕಾಣೆ.

ವಿದ್ಯಾರಣ್ಯಪುರದ ರಸ್ತೆಗಳಲ್ಲಿ ಅವರು ನಡೆದುಬರುವುದನ್ನು ದೂರದಿಂದಲೇ ಗುರುತಿಸಬಹುದು. ಆ ನಡಿಗೆಯಲ್ಲಿ ಅಲ್ಪವಿರಾಮಗಳಿವೆ. ಹತ್ತು ಹೆಜ್ಜೆಗೊಮ್ಮೆ ಒಂದು ಬೋರ್ಡು, ಒಂದು ಬ್ಯಾನರು, ಗೋಡೆಗೆ ಅಂಟಿಸಿದ ಒಂದು ಟ್ಯೂಷನ್ ಜಾಹೀರಾತು. ಪ್ರತಿಯೊಂದರ ಮುಂದೂ ನಿಂತು, ಓದಿ, ನಿಟ್ಟುಸಿರಿಟ್ಟು ಮುಂದೆ ಹೋಗುತ್ತಾರೆ. ಮೈಮೇಲೆ ಬೂದುಬಣ್ಣದ ಕೋಟು. ಮದುವೆಗೆಂದು ಹೊಲಿಸಿದ್ದು, ಈಗ ಎದೆಯ ಬಳಿ ಗುಂಡಿ ಕೂಡುವುದಿಲ್ಲ, ಆದರೂ ಏಪ್ರಿಲಿನ ಬಿಸಿಲಲ್ಲೂ ಅದನ್ನು ತೆಗೆಯರು. ಕೋಟಿಲ್ಲದಿದ್ದರೆ ಪೆನ್ಸಿಲ್ ಎಲ್ಲಿಡುವುದು? ಕೆಂಪು-ನೀಲಿ ಪೆನ್ಸಿಲದು, ಒಂದೇ ಕಡ್ಡಿಗೆ ಎರಡು ತುದಿ. ಕೆಂಪು ತುದಿ ಸದಾ ಸೂಜಿಯ ಹಾಗೆ ಚೂಪು. ನೀಲಿ ತುದಿಯನ್ನು ಅವರು ಹೆರೆದವರೇ ಅಲ್ಲ. ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಮೊಂಡು. ಕೆಂಪು ಮುಗಿದು ಉಳಿದ ನೀಲಿ ತುಂಡುಗಳನ್ನು ಅವರ ಹೆಂಡತಿ ಮಾರ್ಗರೇಟಮ್ಮ ಒಂದು ಡಬ್ಬಿಯಲ್ಲಿ ಕೂಡಿಟ್ಟು, ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತುಮಾಡಲು ಬಳಸುತ್ತಾರೆ.

ಮಾರ್ಗರೇಟಮ್ಮನೇ ಆ ‘ಎಲ್ಲಿ’ಯ ಮೊದಲ ಬಲಿ, ಮತ್ತು ಅದಕ್ಕೆ ತಿರುಗಿ ಉತ್ತರ ಕೊಡಬಲ್ಲ ಏಕೈಕ ವ್ಯಕ್ತಿ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಆಕೆ, ‘ಅಯ್ಯೋ, ಉಪ್ಪು ಮರ್ತೆ ಕಣ್ರೀ’ ಎಂದರು.

‘ಎಲ್ಲಿ?’

‘ಇನ್ನೆಲ್ಲಿ, ಸಾರಲ್ಲಿ.’

‘ಸಾರಲ್ಲಿ ಬಿಟ್ಟಿದ್ರೆ ಉಪ್ಪು ಸಾರಲ್ಲೇ ಇರಬೇಕಿತ್ತಲ್ಲ, ಮಾರ್ಗರೇಟ್? ಹಾಕೋದನ್ನ ಮರೆತೆ ಅನ್ನು. ಫರ್ಗಾಟ್ ಆದ್ಮೇಲೆ ಟು ಬರಬೇಕು. ಫರ್ಗಾಟ್ ಟು ಪುಟ್.’

‘ಬರ್ಲಿ, ಬರ್ಲಿ. ಟು ಬರೋ ಹೊತ್ಗೆ ಸಾರು ಆರೋಗತ್ತೆ. ಉಪ್ಪಿನ ಡಬ್ಬಿ ನಿಮ್ಮ ಕೈ ಹತ್ರಾನೇ ಇದೆ, ಹಾಕ್ಕೊಳಿ.’

ಮೇಷ್ಟ್ರು ಉಪ್ಪು ಹಾಕಿಕೊಂಡು ಉಂಡರು.

ಚರ್ಚಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಮಳೆಗಾಲದಲ್ಲಿ ಪೂಜೆ ಮುಗಿದ ಮೇಲೆ ಬೆಂಚುಗಳ ಕೆಳಗೆ ಕೊಡೆಗಳು ಉಳಿದುಬಿಡುತ್ತಿದ್ದವು. ಫಾದರ್ ಮಾರ್ಟಿನ್ ಬಾಗಿಲ ಬಳಿ ಇಂಗ್ಲಿಷಿನಲ್ಲಿ ಒಂದು ಚೀಟಿ ಹಚ್ಚಿದರು: ದಯವಿಟ್ಟು ಚರ್ಚಿನಲ್ಲಿ ನಿಮ್ಮ ಕೊಡೆಗಳನ್ನು ಮರೆಯಬೇಡಿ. ಮರುದಿನ ಬೆಳಗಿನ ಪೂಜೆಯ ಹೊತ್ತಿಗೆ ‘ಫರ್ಗೆಟ್’ಗೆ ಕೆಂಪು ಗೀಟು ಬಿದ್ದು, ಮೇಲೆ ‘ಲೀವ್’ ಎಂಬುದು ಮುದ್ದಾದ ಅಕ್ಷರಗಳಲ್ಲಿ ಮೂಡಿತ್ತು. ಮುಂದಿನ ಭಾನುವಾರ ಜನರೆಲ್ಲ ತೊಟ್ಟಿಕ್ಕುವ ಕೊಡೆಗಳನ್ನು ತೊಡೆಯ ಮೇಲಿಟ್ಟುಕೊಂಡೇ ಪೂಜೆ ಕೇಳಿದರು. ಫಾದರ್ ಹೊರಗೆ ಬಂದು, ‘ಜ್ಞಾನಪ್ಪನೋರೇ, ಮರೀಬೇಡಿ ಅಂದ್ರೆ ಅದು ಅಕ್ಕರೆ. ಬಿಡಬೇಡಿ ಅಂದ್ರೆ ಇಲ್ಲಿ ಕಳ್ಳರಿದಾರೆ ಅಂತ. ನನ್ನ ಚರ್ಚಿಗೆ ನೀವೇ ಕಳ್ಳರನ್ನ ತಂದ್ರಲ್ಲ’ ಎಂದರು. ಮೇಷ್ಟ್ರು ಸ್ವಲ್ಪ ಯೋಚಿಸಿ, ‘ಅದು ಓದುವವರ ಮನಸ್ಸಿನ ದೋಷ ಫಾದರ್, ವ್ಯಾಕರಣದ್ದಲ್ಲ’ ಎಂದರು. ಹಾಗೆಂದವರು ಅಂದು ತಮ್ಮ ಕೊಡೆಯನ್ನು ಅಲ್ಲೇ ಬೆಂಚಿನ ಕೆಳಗೆ ಬಿಟ್ಟು ಬಂದಿದ್ದರು ಎಂದು ಮಾರ್ಗರೇಟಮ್ಮ ಆಣೆ ಇಟ್ಟು ಹೇಳುತ್ತಾರೆ.

ನಿವೃತ್ತರಾದ ಮೇಲೂ ಮೇಷ್ಟ್ರಿಗೆ ಪಾಠ ಬಿಡಲಾಗಲಿಲ್ಲ. ಶನಿವಾರ ಮಧ್ಯಾಹ್ನ ಮನೆಯ ವರಾಂಡದಲ್ಲಿ ದೊಡ್ಡವರಿಗೆಂದು ಒಂದು ತರಗತಿ ನಡೆಸುತ್ತಾರೆ. ವಾರವಿಡೀ ದುಡಿದು ಬಂದ ಐದಾರು ಜನ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒರಗಿಸಿದ ಒಂದು ಹಲಗೆ. ಅವರಲ್ಲಿ ಹಳಬರು ಹಿನಕಲ್ಲಿನ ದೇವರಾಜು. ನಗರ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿರುವ ಅವರು, ಪ್ರಯಾಣಿಕರು ಮರೆತುಹೋದ ಚೀಲ, ಟಿಫಿನ್ ಡಬ್ಬಿ, ಒಮ್ಮೆ ಒಂದು ಜೊತೆ ಹಲ್ಲುಸೆಟ್ಟು ಎಲ್ಲವನ್ನೂ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ದಾಖಲಿಸಬೇಕಿತ್ತು. ‘ನಾನು ಹನ್ನೆರಡು ವರ್ಷ ಫರ್ಗಾಟ್ ಫರ್ಗಾಟ್ ಅಂತಾನೇ ಬರ್ದೆ ಸಾರ್, ಒಬ್ಬ ಸಾಹೇಬ್ರೂ ಕೇಳ್ಲಿಲ್ಲ’ ಎಂದು ಅವರು ಮೊದಲ ದಿನವೇ ಒಪ್ಪಿಕೊಂಡಾಗ ಮೇಷ್ಟ್ರು ಕಣ್ಣುಮುಚ್ಚಿ ಕೂತುಬಿಟ್ಟಿದ್ದರಂತೆ.

ಕಳೆದ ವರ್ಷ ಆ ತರಗತಿಗೆ ಬಿಂದು ಬಂದಳು. ದೇವರಾಜುವಿನ ಬೀದಿಯವಳೇ, ಇಪ್ಪತ್ತೆಂಟರ ಆಸುಪಾಸು, ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಹೂಟಗಳ್ಳಿಯಿಂದ ಆಚೆಗೆ ಇರುವ ಒಂದು ವಸತಿಶಾಲೆಯಲ್ಲಿ ಹಾಸ್ಟೆಲ್ ವಾರ್ಡನ್ ಬೇಕಾಗಿತ್ತು. ಅರ್ಜಿಯ ಜೊತೆಗೆ ತನ್ನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಸ್ವಂತ ಕೈಯಲ್ಲಿ ಬರೆದು ಕೊಡಬೇಕಿತ್ತು. ಆ ಪುಟ ನೋಡಿಯೇ ಸಂದರ್ಶನಕ್ಕೆ ಕರೆಯುತ್ತಿದ್ದರು. ಅವಳಿಗೆ ಆ ಕೆಲಸ ಬೇಕೇಬೇಕಿತ್ತು. ‘ಹಾಸ್ಟೆಲ್ ಅಂದ್ರೆ ಏನು ಅಂತ ನಂಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಸಾರ್’ ಎಂದಿದ್ದಳು. ಮೂರು ತಿಂಗಳು ಒಂದು ಶನಿವಾರವೂ ತಪ್ಪಿಸಲಿಲ್ಲ. ಸೋಮವಾರ ಅರ್ಜಿಗೆ ಕೊನೆಯ ದಿನ. ಅದರ ಹಿಂದಿನ ಶನಿವಾರ ಪುಟವನ್ನು ತಂದು ಮೇಷ್ಟ್ರ ಮುಂದಿಟ್ಟಳು.

ಮೇಷ್ಟ್ರು ಕೆಂಪು ತುದಿ ಕೆಳಗಾಗಿ ಪೆನ್ಸಿಲ್ ಹಿಡಿದು ಓದುತ್ತ ಹೋದರು. ಎರಡು ಆರ್ಟಿಕಲ್ ತಪ್ಪು, ಒಂದು ಕಾಗುಣಿತದ್ದು. ಮೂರನೆಯ ಸಾಲು: ನನಗೆ ಏಳು ವರ್ಷವಾಗಿದ್ದಾಗ ನನ್ನ ತಾಯಿ ನನ್ನನ್ನು ಹಾಸ್ಟೆಲಿನಲ್ಲಿ ಮರೆತರು. ‘ಫರ್ಗಾಟ್’ ಎಂದಿತ್ತು. ಕೈ ತಾನಾಗಿ ಗೀಟೆಳೆದು ಮೇಲೆ ‘ಲೆಫ್ಟ್’ ಎಂದು ಬರೆಯಿತು. ಮೇಷ್ಟ್ರು ವಾಕ್ಯವನ್ನು ಓದಿದ್ದರು. ಅದರೊಳಗಿದ್ದ ಮಗುವನ್ನು ಓದಿರಲಿಲ್ಲ.

ಬಿಂದು ಆ ಕೆಂಪು ಗೀಟನ್ನು ನೋಡುತ್ತ ನಿಂತಳು. ‘ಲೆಫ್ಟ್ ಅಂದ್ರೆ ಬಿಟ್ಟೋದ್ರು ಅಂತ ಅಲ್ವಾ ಸಾರ್?’

‘ಹೌದಮ್ಮ. ಇನ್ ದ ಹಾಸ್ಟೆಲ್ ಅಂತ ಜಾಗ ಬಂತಲ್ಲ. ಫರ್ಗಾಟ್ ನಿಲ್ಲಲ್ಲ.’

‘ನಮ್ಮಮ್ಮ ಬಿಟ್ಟೋಗ್ಲಿಲ್ಲ ಸಾರ್. ಮರ್ತೋದ್ರು.’

ದೇವರಾಜು ತಮ್ಮ ಚಪ್ಪಲಿಯ ತುದಿ ನೋಡುತ್ತ ಕೂತಿದ್ದರು. ಏನೋ ಎಡವಿದೆ ಎಂದು ಮೇಷ್ಟ್ರಿಗೆ ಆಗ ತೋರಿತು. ಆದರೆ ಎಡವಿದ ಕಾಲನ್ನು ಅವರು ನಿಯಮದ ಮೇಲೆಯೇ ಊರಿದರು. ‘ಒಂದು ದಾರಿ ಇದೆ. ಜಾಗ ತೆಗೆದುಹಾಕು. ಮೈ ಮದರ್ ಫರ್ಗಾಟ್ ಮಿ, ಅಷ್ಟೇ ಬರಿ. ಅದು ಶುದ್ಧ ಇಂಗ್ಲಿಷು.’

‘ಅದು ಇನ್ನೂ ಕೆಟ್ಟದಾಯ್ತಲ್ಲ ಸಾರ್’ ಎಂದಳು ಬಿಂದು. ದನಿ ಏರಿರಲಿಲ್ಲ. ‘ಹಾಸ್ಟೆಲಲ್ಲಿ ಮರ್ತ್ರು ಅಂದ್ರೆ ಹಾಸ್ಟೆಲಲ್ಲಿ ಮಾತ್ರ ಮರ್ತಿದ್ದು. ಅದನ್ನ ತೆಗೆದ್ಬುಟ್ರೆ ಎಲ್ಲಾ ಕಡೇನೂ ಮರ್ತಂಗಾಯ್ತದೆ.’

‘ಅವರು ಇಂಗ್ಲಿಷ್ ನೋಡಿಯೇ ಕರೆಯೋದು ಕಣಮ್ಮ. ಇಂಥ ತಪ್ಪು ಕಂಡ್ರೆ ಪಕ್ಕಕ್ಕಿಡ್ತಾರೆ.’

‘ಇಡ್ಲಿ ಬಿಡಿ ಸಾರ್’ ಎಂದು ಅವಳು ಚೀಲ ಹೆಗಲಿಗೇರಿಸಿ, ಎಲ್ಲರಿಗೂ ತಲೆಬಾಗಿಸಿ, ಗೇಟನ್ನು ಸದ್ದಾಗದಂತೆ ಮುಚ್ಚಿಕೊಂಡು ಹೊರಟುಹೋದಳು. ಹಾಳೆ ಮೇಜಿನ ಮೇಲೆಯೇ ಇತ್ತು.

ತರಗತಿ ಮುಗಿದ ಮೇಲೆ ದೇವರಾಜು ಹಿಂದೆ ಉಳಿದರು. ‘ಸಾರ್, ನಿಮ್ ರೂಲೇ ಸರಿ’ ಎಂದು ಮಾತು ತೆಗೆದರು. ‘ಗಂಡ ಸತ್ಮೇಲೆ ಇವಳವ್ವ ಶಿವನಂಜಮ್ಮ ಇವಳ್ನ ಹಾಸ್ಟೆಲ್ಗೆ ಹಾಕಿ, ದಸರಾ ರಜಕ್ಕೆ ಬತ್ತೀನಿ ಅಂತ ಹೇಳೋದ್ಲು. ಇನ್ನೊಂದು ಮದ್ವೆ ಮಾಡ್ಕೊಂಡ್ಲು. ಆ ವಯ್ಯ ಮಗು ಬ್ಯಾಡ ಅಂದಿದ್ನಂತೆ. ಹನ್ನೊಂದು ದಸರಾ ಹೋಯ್ತು ಸಾರ್. ಆಮೇಲೆ ಅವ್ನೂ ಹೋದ, ಶಿವನಂಜಮ್ಮ ವಾಪಸ್ ಬಂದ್ಲು, ಮರ್ತ್ಬುಟ್ಟಿದ್ದೆ ಅಂದ್ಲು. ಹನ್ನೊಂದು ವರ್ಸ ಯಾರಾದ್ರೂ ಮರೀತಾರಾ? ಬಿಟ್ಟೋಗಿದ್ದು ಅಂತ ಇಡೀ ಹಿನಕಲ್ಗೇ ಗೊತ್ತು. ಆ ಹುಡ್ಗೀಗೂ ಗೊತ್ತು.’

ವ್ಯಾಕರಣವೂ ವಾಸ್ತವವೂ ಒಟ್ಟಿಗೆ ತಮ್ಮ ಪರವಾಗಿ ಸಾಕ್ಷಿ ನುಡಿದ ಆ ಗಳಿಗೆಯಲ್ಲಿ ಜ್ಞಾನಪ್ಪ ಮೇಷ್ಟ್ರಿಗೆ ಸಂತೋಷವಾಗಬೇಕಿತ್ತು. ಅವರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಮಾರ್ಗರೇಟಮ್ಮ ಕಾಫಿ ತಂದವರು ಮೇಜಿನ ಮೇಲಿದ್ದದ್ದನ್ನು ನೋಡಿ, ‘ಪಾಪ, ಆ ಹುಡುಗಿ ಹಾಳೆ ಮರ್ತು ಹೋಗಿದಾಳಲ್ರೀ’ ಎಂದರು. ಎಂದು, ಅಭ್ಯಾಸಬಲದಿಂದ ‘ಎಲ್ಲಿ?’ಗಾಗಿ ಕಾದರು. ಅದು ಬರಲಿಲ್ಲ. ಮರೆತದ್ದೋ ಬಿಟ್ಟದ್ದೋ ಎಂದು ತಿಳಿಯದ ಆ ಹಾಳೆಯನ್ನೇ ಮೇಷ್ಟ್ರು ನೋಡುತ್ತಿದ್ದರು.

ಭಾನುವಾರ ಪೂಜೆ ಮುಗಿಸಿ, ಊಟ ಮಾಡಿ, ಹಾಳೆಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಅವರು ಹಿನಕಲ್ಲಿನ ಬಸ್ಸು ಹತ್ತಿದರು. ಕಿಟಕಿಯಾಚೆ ಬೋರ್ಡುಗಳು ಸರಿದುಹೋಗುತ್ತಿದ್ದವು. ಅಂದು ಒಂದನ್ನೂ ಓದಲಿಲ್ಲ. ಮರೆತುಬಿಟ್ಟೆ ಎನ್ನುತ್ತೇವಲ್ಲ, ಅದರೊಳಗೆ ಮರೆಯುವುದೂ ಬಿಡುವುದೂ ಒಂದನ್ನೊಂದು ಹಿಡಿದುಕೊಂಡೇ ಇವೆಯಲ್ಲ ಎಂದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಅವರಿಗೆ ಹೊಳೆಯಿತು. ಇಂಗ್ಲಿಷಿನವರು ಎರಡು ಕೋಣೆಗಳಲ್ಲಿ ಇಟ್ಟದ್ದನ್ನು ಕನ್ನಡದವರು ಒಂದೇ ಚಾಪೆಯ ಮೇಲೆ ಮಲಗಿಸಿದ್ದಾರೆ. ಅಷ್ಟೇ ಅಲ್ಲ, ಬಿಡುವುದೆಂದರೆ ತೊರೆಯುವುದು ಮಾತ್ರವೂ ಅಲ್ಲ ಇಲ್ಲಿ. ಗಿಡ ಹೂ ಬಿಡುತ್ತದೆ. ನೀರು ಬಿಡುವ ದಿನ ಬೀದಿಗೆಲ್ಲ ಹಬ್ಬ. ಬಾಗಿಲಲ್ಲಿ ನಿಂತವರನ್ನು ಒಳಗೆ ಬಿಡುತ್ತೇವೆ. ಇಷ್ಟು ದಿನ ಇನ್ನೊಂದು ಭಾಷೆಯ ಬೇಲಿ ಕಾಯುತ್ತ ತಮ್ಮ ಮನೆಯ ಹಿತ್ತಲನ್ನು ನೋಡಿರಲಿಲ್ಲವೇನೋ ಎನ್ನಿಸಿ ಅವರು ಬಸ್ಸಿನಲ್ಲಿ ಒಬ್ಬರೇ ನಕ್ಕರು.

ಹಿನಕಲ್ಲಿನ ದೊಡ್ಡ ಕಟ್ಟಡಗಳ ಬೆನ್ನಿಗೆ ಹಳೆಯ ಬೀದಿಗಳು ಇನ್ನೂ ಇವೆ. ಅಂಥ ಒಂದು ಬೀದಿಯಲ್ಲಿ, ಹೆಂಚಿನ ಮನೆಯ ಜಗಲಿಯ ಮೇಲೆ, ಶಿವನಂಜಮ್ಮ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದರು. ಒಣಗಿದ ಸಣ್ಣ ದೇಹ, ಬೆರಳುಗಳು ಮಾತ್ರ ಚುರುಕು.

‘ಬಿಂದು ಮೇಷ್ಟ್ರಾ? ಬನ್ನಿ, ಕೂತ್ಕಳಿ. ಏ ಬಿಂದೂ, ನಿಮ್ ಇಂಗ್ಲೀಸ್ ಮೇಷ್ಟ್ರು ಬಂದವ್ರೆ ಕಣವ್ವ. ಈ ಬಿಸ್ಲಲ್ಲಿ ಕೋಟು ಹಾಕೊಂಡವ್ರೆ, ನೀರು ತತ್ತಾ.’ ಮತ್ತೆ ಮೇಷ್ಟ್ರ ಕಡೆ ತಿರುಗಿ, ‘ಎಂಗ್ ಓದ್ತಾಳೆ?’ ಎಂದರು.

‘ಬಹಳ ಚೆನ್ನಾಗಿ.’

‘ಅದೆಲ್ಲ ಅವಳದೇ. ನಾನೇನೂ ಓದಿಸ್ದೋಳಲ್ಲ.’ ಒಂದು ಎಲೆಯನ್ನು ತಿರುಗಿಸಿ ನೋಡಿ, ಹುಳು ಇರಲಿಲ್ಲವೆಂದು ಬುಟ್ಟಿಗೆ ಹಾಕಿದರು. ‘ಇವಳು ಚಿಕ್ಕೋಳಿದ್ದಾಗ ನಾನು ಇವಳ್ನ ಮರ್ತ್ಬುಟ್ಟಿದ್ದೆ ಮೇಷ್ಟ್ರೇ.’

ಬಿಂದು ನೀರಿನ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಮೇಷ್ಟ್ರ ತಲೆ ಕೊಂಚ ಎಡಕ್ಕೆ ವಾಲಿತು. ಅರ್ಧ ಶತಮಾನದ ಅಭ್ಯಾಸ ಅವರ ನಾಲಗೆಯ ತುದಿಗೆ ಬಂದು ನಿಂತಿತು. ಅದು ಅವಳಿಗೆ ಕಂಡಿತು. ಆ ಒಂದು ಪ್ರಶ್ನೆ ಹೊರಬಿದ್ದರೆ, ಹತ್ತು ವರ್ಷಗಳಿಂದ ತಾಯಿ ಮಗಳು ಯಾವ ಒಂದು ಶಬ್ದದ ಕೆಳಗೆ ಒಟ್ಟಿಗೆ ಬಾಳುತ್ತಿದ್ದರೋ ಆ ಶಬ್ದದ ಮಾಡು ಕಳಚಿಬೀಳುತ್ತಿತ್ತು.

ಮೇಷ್ಟ್ರು ಕೈನೀಡಿ ಲೋಟ ತೆಗೆದುಕೊಂಡರು. ನೀರಿನ ಜೊತೆಗೆ ಪ್ರಶ್ನೆಯನ್ನೂ ಕುಡಿದರು.

‘ಆಗುತ್ತಮ್ಮ’ ಎಂದರು. ‘ಮರೆವು ಯಾರಿಗಿಲ್ಲ.’

‘ಇವಳೂ ಅಂಗೇ ಅಂದ್ಲು. ನಾನು ಬಂದು ಬಾಗ್ಲಲ್ಲಿ ನಿಂತ್ಕಂಡೆ. ಮರ್ತ್ಬುಟ್ಟೆ ಕಣವ್ವ ಅಂದೆ. ಇರ್ಲಿ ಬುಡವ್ವ ಅಂದ್ಲು. ಅಷ್ಟೇ ಅಂದಿದ್ದು. ಇವತ್ತಿನ್ಗಂಟ ಇನ್ನೊಂದು ಮಾತು ಅಂದಿಲ್ಲ.’ ಶಿವನಂಜಮ್ಮನ ಬೆರಳುಗಳು ಸೊಪ್ಪಿನ ಮೇಲೆ ನಿಂತಿದ್ದವು. ಮಗಳಿಗೆ ನಿಜ ತಿಳಿದಿದೆಯೆಂದು ಆಕೆಗೂ ಗೊತ್ತಿತ್ತು ಎಂಬುದು ಆ ಬೆರಳುಗಳಿಂದ ಮೇಷ್ಟ್ರಿಗೆ ತಿಳಿಯಿತು.

ಅವರು ಒಳಜೇಬಿನಿಂದ ಹಾಳೆ ತೆಗೆದರು, ಪೆನ್ಸಿಲನ್ನೂ ತೆಗೆದರು. ಅದನ್ನು ತಿರುಗಿಸಿ ಮೊಂಡು ತುದಿಯನ್ನು ನೋಡಿ, ‘ಮನೇಲಿ ಒಂದು ಬ್ಲೇಡ್ ಇದ್ಯೇನಮ್ಮ?’ ಎಂದು ಕೇಳಿದರು. ಬಿಂದು ತಂದುಕೊಟ್ಟಳು. ಜಗಲಿಯ ಅಂಚಿನಲ್ಲಿ ಕೂತು ನಿಧಾನವಾಗಿ ಹೆರೆದರು. ಮರದ ಸುರುಳಿಗಳು ಕೋಟಿನ ಮೇಲೆ ಉದುರಿದವು. ಯಾವ ಕಾಲದಿಂದಲೋ ಒಳಗೇ ಇದ್ದ ನೀಲಿ ಹೊರಗೆ ಬಂತು. ಕೆಲಸ ಸಿಗುವ ಮೊದಲು ಎರಡು ವರ್ಷ ಅವರು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದ್ದರು. ತಪ್ಪಾಗಿ ಹೊಡೆದುಹಾಕಿದ ಮಾತನ್ನು ಉಳಿಸಿಕೊಳ್ಳಲು ಅಲ್ಲಿ ಒಂದು ಗುರುತಿತ್ತು: ಆ ಮಾತಿನ ಕೆಳಗೆ ಸಾಲಾಗಿ ಚುಕ್ಕೆಗಳನ್ನಿಡುವುದು. ಮೇಷ್ಟ್ರು ‘ಫರ್ಗಾಟ್’ ಎಂಬುದರ ಕೆಳಗೆ, ಪ್ರತಿ ಅಕ್ಷರಕ್ಕೂ ಒಂದರಂತೆ, ಆರು ನೀಲಿ ಚುಕ್ಕೆಗಳನ್ನಿಟ್ಟರು.

‘ಅದೇನ್ ಮೇಷ್ಟ್ರೇ, ರಂಗೋಲಿ ಇಕ್ಕೊಂಗೆ ಚುಕ್ಕೆ ಇಕ್ತಿದ್ದೀರಿ?’ ಎಂದರು ಶಿವನಂಜಮ್ಮ.

‘ಇರಲಿ ಅಂತ ಅರ್ಥಮ್ಮ.’

ಬಿಂದು ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ‘ಕೆಲಸ ಹೋಗ್ಬಹುದು ಅಂದ್ರಲ್ಲ ಸಾರ್.’

‘ಹೋಗಬಹುದು. ಶುದ್ಧಪ್ರತಿ ಮಾಡುವಾಗ ನಿನ್ನ ಮಾತನ್ನೇ ಬರಿ. ಯಾರಾದ್ರೂ ತಪ್ಪು ಅಂದ್ರೆ, ಜ್ಞಾನಪ್ಪ ಮೇಷ್ಟ್ರು ನೋಡಿ ಒಪ್ಪಿದ್ದಾರೆ ಅನ್ನು.’

ಯಾರದೋ ಮದುವೆಯ ಕಾಗದದಲ್ಲಿ ಒಂದು ಅಪಾಸ್ಟ್ರಫಿ ತಪ್ಪಿದ್ದಕ್ಕೆ ಮದುವೆಗೇ ಹೋಗದಿದ್ದ ಮನುಷ್ಯ, ತನ್ನ ಹೆಸರನ್ನು ಒಂದು ತಪ್ಪಿಗೆ ಜಾಮೀನಾಗಿ ಕೊಟ್ಟು ಬಸ್ಸು ಹತ್ತಿದರು.

ಸಂದರ್ಶನಕ್ಕೆ ಕರೆ ಬಂತು. ಅಲ್ಲಿದ್ದ ಮೇಡಂ ಆ ಸಾಲಿನ ಕೆಳಗೆ ಗೆರೆ ಎಳೆದೇ ಇಟ್ಟುಕೊಂಡಿದ್ದರಂತೆ. ಇದು ಸರಿಯೇ ಎಂದು ಕೇಳಿದರಂತೆ. ‘ಇಂಗ್ಲಿಷಿಗೆ ಸರಿ ಇಲ್ಲ ಮೇಡಂ, ನಮ್ಮನೇಗೆ ಸರಿ ಇದೆ. ಮೇಷ್ಟ್ರೂ ನೋಡಿದಾರೆ’ ಎಂದು ಬಿಂದು ಹೇಳಿದಳು. ಮೂರು ವಾರಕ್ಕೆ ಕೆಲಸದ ಕಾಗದ ಬಂತು. ಈಗ ಅವಳು ಆ ಹಾಸ್ಟೆಲಿನಲ್ಲಿ ವಾರ್ಡನ್. ರಜೆ ಶುರುವಾಗುವ ದಿನ ಸಂಜೆಯಾದರೂ ಯಾರೂ ಕರೆದೊಯ್ಯಲು ಬಾರದ ಮಕ್ಕಳ ಜೊತೆಗೆ ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಕೂತಿರುತ್ತಾಳಂತೆ, ಕೊನೆಯ ಮಗು ಹೋಗುವವರೆಗೆ.

‘ಊರಲ್ಲೆಲ್ಲ ತಪ್ಪು ಹುಡುಕೋರು ಈಗ ನಿಮ್ ತಲೆ ಮೇಲೇ ಒಂದು ತಪ್ಪು ಹೊತ್ಕೊಂಡ್ರಲ್ಲ ಸಾರ್’ ಎಂದು ದೇವರಾಜು ಕೆಣಕಿದಾಗ ಮೇಷ್ಟ್ರು, ‘ಇರಲಿ ಬಿಡಿ’ ಎಂದರು. ‘ಎಲ್ಲಿ?’ ಎಂದು ಕೇಳುವುದನ್ನು ಅವರು ನಿಲ್ಲಿಸಿಲ್ಲ. ಕೊಡೆ, ಕನ್ನಡಕ, ಟಿಫಿನ್ ಡಬ್ಬಿಗಳ ವಿಷಯದಲ್ಲಿ ಅವರ ನ್ಯಾಯ ಮೊದಲಿನಷ್ಟೇ ಕಠಿಣ. ಮರೆತದ್ದು ಮನುಷ್ಯರನ್ನು ಎಂದಾದರೆ ಮಾತ್ರ ಸುಮ್ಮನಾಗಿ, ಪೆನ್ಸಿಲಿನ ನೀಲಿ ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರುತ್ತಾರೆ. ಅದಿನ್ನೂ ಚೂಪಾಗಿಯೇ ಇದೆ. ಆರು ಚುಕ್ಕೆಗಳಿಗೆ ಎಷ್ಟು ತಾನೇ ಸವೆದೀತು?

ಇಂಥವರನ್ನು ಕಂಡರೆ ನಮಗೆ ನಗು, ಅವರು ನಮ್ಮನ್ನು ತಿದ್ದಿದರೆ ಸಿಟ್ಟು. ಒಂದು ಶಬ್ದಕ್ಕಾಗಿ ಇಷ್ಟೇಕೆ ಎನ್ನುತ್ತೇವೆ. ಆದರೆ ಯಾವುದಾದರೂ ಆಗುತ್ತದೆ ಎನ್ನುವವನು ಕ್ಷಮಿಸಿದರೆ ಆ ಕ್ಷಮೆಗೆ ತೂಕವಿಲ್ಲ. ಅವನು ಕೊಡುವುದು ತನ್ನಲ್ಲಿ ಇಲ್ಲದ್ದನ್ನು. ಬೇಲಿಯ ಒಂದೊಂದು ಗೂಟವನ್ನೂ ತನ್ನ ಕೈಯಾರೆ ನೆಟ್ಟು ಕಾದವನಿಗೆ ಮಾತ್ರ, ಯಾವ ಗೂಟವನ್ನು ಕಿತ್ತರೆ ದಣಿದ ಒಂದು ಜೀವ ಒಳಗೆ ಬಂದೀತು ಮತ್ತು ಬೇಲಿಯೂ ನಿಂತೀತು ಎಂಬುದು ಗೊತ್ತಿರುತ್ತದೆ. ನಿಯಮವನ್ನು ಹಿಡಿದವರು ಬಹಳ ಮಂದಿ. ಹಿಡಿದು ಹಿಡಿದು, ಕೊನೆಗೊಮ್ಮೆ ಯಾರಿಗಾಗಿ ಅದನ್ನು ಬಿಡಬೇಕೆಂದು ಅರಿತವರನ್ನೇ ನಮ್ಮ ಊರುಗಳು ಮೇಷ್ಟ್ರು ಎಂದು ಕರೆಯುತ್ತವೆ.